ಹೊಳೆಯಾಚೆ ಕೇಳಿದ ಸುರಗಿಯ ಮಟ್ಟು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನೇ. ಹೊಟ್ಟೆ ಕೆಟ್ಟವರಿಗೆ ಬೀಳುವ ಕನಸು ಎಂದು ಗೆಳೆಯರನ್ನು ಗೇಲಿ ಮಾಡುತ್ತಿದ್ದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನನ್ನ ಸರದಿ ಬಂತೆಂದುಕೊಳ್ಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಗೆ ಸೇರಿದ್ದೆ. ಹೊಟ್ಟೆಯ ಪಾಡು ಆಯಿತು, ಜೀವಕ್ಕೊಂದು ಹುಚ್ಚು ಬೇಕಲ್ಲ! ಹಳಿಯಾಳದಲ್ಲಿ ಖಾದರ್ ಮಾಸ್ತರರ ವಾಜಂತ್ರಿ ಮೇಳವಿತ್ತು. ಸುತ್ತಲಿನ ಮದುವೆಗಳೆಲ್ಲ ಅವರವೇ. ರಜೆಯ ದಿನ ಬಸ್ಸು ಹಿಡಿದು ಹೋಗಿ ಅವರ ಬಳಿ ಕ್ಲಾರಿಯೊನೆಟ್ ಕಲಿಯತೊಡಗಿದೆ. ವಾದ್ಯವೂ ಅವರದೇ, ಅಭ್ಯಾಸಕ್ಕೆಂದು ನನ್ನ ಕೈಗೆ ಕೊಟ್ಟಿದ್ದರು.

ಕಲಿಯುವುದು ಒಂದೆರಡು ಮಟ್ಟುಗಳೇ? ಬೀಗರನ್ನು ಇದಿರುಗೊಳ್ಳಲು ಒಂದು, ಅರಿಷಿಣಕ್ಕೆ ಒಂದು, ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ ಒಂದು, ತಾಳಿ ಕಟ್ಟುವ ಹೊತ್ತಿನ ಅಕ್ಕಿಕಾಳಿಗೆ ಇನ್ನೊಂದು, ಹೆಣ್ಣು ಒಪ್ಪಿಸುವಾಗ ಬೇರೆಯೇ. ಅದರಲ್ಲೂ ಊರಿಗೊಂದು ರೀತಿ. ತಲೆಯಲ್ಲಿ ಎಲ್ಲ ಕಲಸುಮೇಲೋಗರವಾಗಿ, ಒಂದು ಮದುವೆಯಲ್ಲಿ ಸುರಗಿಯ ಹೊತ್ತಿಗೆ ಹೆಣ್ಣು ಒಪ್ಪಿಸುವ ಮಟ್ಟು ಊದಿಬಿಟ್ಟೆ. ಮದುಮಗಳ ಚಿಗವ್ವ ಗೊಳೋ ಎಂದು ಅತ್ತಳು. ಅವಳನ್ನು ನೋಡಿ ಉಳಿದ ಹೆಂಗಸರು, ಅವರನ್ನು ನೋಡಿ ಮದುಮಗಳು. ಅರಿಷಿಣ ಮೆತ್ತಿಕೊಂಡು ಕೂತ ಮದುಮಗ ಏನಾಯಿತೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ.

"ತಾಳಿ ಕಟ್ಟೂಕಿಂತ ಮೊದಲ ಹುಡುಗೀನ ಗಂಡನ ಮನಿಗೆ ಕಳಿಸಿದಿ ಅಲ್ಲೋ!" ಎಂದರು ಮಾಸ್ತರು. "ಮುಂದ ಸಾಂಬ್ರಾಣಿ ಊರಾಗಿನ ಮದುವ್ಯಾಗೂ ಹಿಂಗಾತಂದ್ರ ಕ್ಲಾರಿಯೊನೆಟ್ ಪೆಟಗಿಗೆ, ನೀ ನಿನ್ನ ಕಾರ್ಖಾನಿಗೆ."

ನಗುತ್ತಲೇ ಹೇಳಿದರು, ಆದರೆ ಆಡಿದ ಮಾತಿಗೆ ತಪ್ಪುವವರಲ್ಲ. ಆ ವಾದ್ಯ ಕೈತಪ್ಪುತ್ತದೆಂದು ನೆನೆದರೇ ನನಗೆ ಅಳು ಬರುತ್ತಿತ್ತು.

ಕ್ವಾರ್ಟರ್ಸಿನಲ್ಲಿ ಊದುವಂತಿರಲಿಲ್ಲ, ರಾತ್ರಿ ಪಾಳಿಯವರು ಹಗಲು ಮಲಗುತ್ತಿದ್ದರು. ಹಾಗಾಗಿ ಸಂಜೆ ಸೈಕಲ್ ಏರಿ ಕುಳಗಿಯ ಹಾದಿಯಲ್ಲಿ ಕಾಳಿ ಹೊಳೆಯ ದಂಡೆಗೆ ಹೋಗುತ್ತಿದ್ದೆ. ನಾನು ಊದಿದ್ದನ್ನು ಆಚೆ ದಡದ ಕಾಡು ಹಾಗೇ ತಿರುಗಿ ಒಪ್ಪಿಸುತ್ತಿತ್ತು, ತಪ್ಪಿದರೆ ತಪ್ಪನ್ನೂ.

ಸಾಂಬ್ರಾಣಿಯ ಮದುವೆ ಹತ್ತಿರ ಬಂದಾಗ, ಒಂದು ಮಂಗಳವಾರ ಸಂಜೆ ಸುರಗಿಯ ಮಟ್ಟು ಹಿಡಿದಿದ್ದೆ. ಅದರ ಮುಕ್ತಾಯವನ್ನು ಮಾಸ್ತರು ನನಗೆ ಹೇಳಿಕೊಟ್ಟಿರಲಿಲ್ಲ. ಮೇಳದವರ ಪದ್ಧತಿಯೇ ಅದು. ಗುರುವಾದವನು ಒಂದು ಮಟ್ಟಿನ ಕೊನೆಯನ್ನು ಬಚ್ಚಿಟ್ಟುಕೊಳ್ಳುತ್ತಾನೆ, ಶಿಷ್ಯರ ಎದುರು ಊದುವುದೂ ಇಲ್ಲ. ಹುಡುಗ ಪಳಗಿದ ಎನಿಸಿದ ದಿನ ಕದ ಮುಚ್ಚಿ ಕೊಡುತ್ತಾನೆ. ಅಲ್ಲಿಯವರೆಗೆ ನಾವು ಕೊನೆ ಮುಟ್ಟದೆ ತಿರುಗಿ ಮಟ್ಟಿನ ಮೊದಲಿಗೇ ಬರಬೇಕು.

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಆಚೆ ದಡದಿಂದ ನನ್ನ ಮಟ್ಟು ಮರಳಿ ಬಂತು. ಆದರೆ ನಾನು ನಿಲ್ಲಿಸಿದಲ್ಲಿ ಅದು ನಿಲ್ಲಲಿಲ್ಲ. ಮುಂದೆ ಹೋಯಿತು, ಮೇಲೇರಿತು, ಎರಡು ಸುತ್ತು ಸುತ್ತಿ ಮೆಲ್ಲಗೆ ಇಳಿದು ಮುಗಿಯಿತು. ಕೊನೆಯ ಸ್ವರದಲ್ಲಿ ಸುಸ್ ಎಂದು ಗಾಳಿ ಸೋರಿತು. ಮುಂದಿನ ಹಲ್ಲು ಬಿದ್ದಿದ್ದ ಮಾಸ್ತರು ಊದಿದರೆ ಹಾಗೆಯೇ ಸೋರುತ್ತಿತ್ತು.

ಅವರೇ ತಮಾಷೆಗೆ ಬಂದಿದ್ದಾರೆಂದು, "ಮಾಸ್ತರ, ಈಚೀಗೆ ಬರ್ರಿ!" ಎಂದು ಕೂಗಿದೆ. ಬರ್ರಿ, ಎಂದಿತು ಕಾಡು. ಆ ದಡಕ್ಕೆ ದಾರಿಯಿಲ್ಲ, ದೋಣಿಯೂ ಇಲ್ಲ. ಹೆದರಬೇಕಿತ್ತು, ಸುಳ್ಳೇಕೆ ಹೇಳಲಿ, ನನಗಾದದ್ದು ಖುಷಿ. ಮರೆಯುವ ಮೊದಲು ಊದಿ ಗಟ್ಟಿ ಮಾಡಿಕೊಂಡೆ.

ಸಾಂಬ್ರಾಣಿಯಲ್ಲಿ ಒಂದು ಮಟ್ಟೂ ತಪ್ಪಲಿಲ್ಲ. ಸುರಗಿ ಬಂದಾಗ ಹುಮ್ಮಸ್ಸಿನಲ್ಲಿ ಆ ಮುಕ್ತಾಯವನ್ನೂ ಊದಿದೆ. ಪಕ್ಕದಲ್ಲಿದ್ದ ಮಾಸ್ತರು ತಮ್ಮ ವಾದ್ಯ ಕೆಳಗಿಳಿಸಿದರು. ಆಮೇಲೆ ನನ್ನನ್ನು ಹಂದರದ ಹಿಂದಕ್ಕೆ ಎಳೆದೊಯ್ದರು.

"ಯಾರು ಕೊಟ್ರು ಇದನ್ನ? ನಮ್ಮ ಅಬ್ಬಾ ನನಗ ಒಬ್ಬಾವಗ ಕೊಟ್ಟಿದ್ರು."

ನಡೆದದ್ದನ್ನು ಹೇಳಿದೆ. ಬೈಗುಳ ಬೀಳುತ್ತದೆಂದುಕೊಂಡಿದ್ದೆ. ಆದರೆ ಅವರು, "ನನಗಿಂತ ಚಲೋ ಊದ್ತಿತ್ತೇನು?" ಎಂದು ಕೇಳಿದರು.

"ಇಲ್ರೀ, ನಿಮ್ಮಂಗ ಇತ್ತು."

"ಹಂಗಾದ್ರ ಕ್ಲಾರಿಯೊನೆಟ್ ನಿನ್ನ ಕಡೇನ ಇರಲಿ," ಎಂದು ಊಟದ ಪಂಕ್ತಿಗೆ ನಡೆದರು. ಅಂದು ನಾನು ತಿಂದ ಹೋಳಿಗೆಗಳಿಗೆ ಲೆಕ್ಕವಿಲ್ಲ.

ಮುಂದಿನ ರಜೆಗೆ ಹಳಿಯಾಳಕ್ಕೆ ಹೋದಾಗ ಮಾಸ್ತರು ನಮಾಜಿಗೆ ಹೋಗಿದ್ದರು. ಚಹಾ ತಂದ ಅವರ ಹೆಂಡತಿಯನ್ನು, ಆ ಮಂಗಳವಾರ ಮಾಸ್ತರು ದಾಂಡೇಲಿಯ ಕಡೆ ಬಂದಿದ್ದರೇ ಎಂದು ಕೇಳಿದೆ.

"ಎಲ್ಲೀ ದಾಂಡೇಲಿ, ಬೇಟಾ? ಜ್ವರ ಬಂದು ಮೈಮ್ಯಾಲ ಖಬರ ಇರಲಿಲ್ಲ. ಸಂಜೀಮುಂದ ಕಂಬಳಿ ಮ್ಯಾಲ ಬೆರಳು ಆಡಸ್ಕೋತ ಮಲಗಿದ್ರು. ನಾ ಕೈ ಹಿಡದ್ರ, 'ತಡಿ, ಹುಡುಗ ಕೇಳಾಕತ್ತಾನ' ಅಂದ್ರು."

ಮಾಸ್ತರರನ್ನು ಕೇಳಿದರೆ ತಮಗೇನೂ ನೆನಪಿಲ್ಲವೆಂದರು. ಇದೇನೆಂದು ಹೇಳಲು ನನಗೆ ಇಂದಿಗೂ ತಿಳಿಯದು. ನಾನು ಕೇಳುತ್ತಿದ್ದುದಂತೂ ನಿಜ.