ಆರು ಮೂಕ ಬಸ್ಸುಗಳು

ಶೇಖಪ್ಪನನ್ನು ಶಾಲೆಯ ಆಡಳಿತ ಸಮಿತಿಯ ಚುನಾವಣೆಗೆ ನಿಲ್ಲಿಸಿದವರು ಬಸ್ಸಿನಲ್ಲಿ ಹೋಗುವ ಮಕ್ಕಳ ತಂದೆತಾಯಂದಿರು. ಸಮಿತಿಯಲ್ಲಿ ಪೋಷಕರಿಗೆಂದು ಒಂದೇ ಒಂದು ಕುರ್ಚಿ. ಬಸ್ಸಿನ ಕರುಳು ಬಲ್ಲವನು ಅದರಲ್ಲಿ ಕೂರಲಿ ಎಂಬುದು ಅವರ ವಾದ. ಗದಗ ಸೀಮೆಯ ಈ ಮನುಷ್ಯ ಹದಿನಾರು ವರ್ಷದಿಂದ ದುಬೈಯ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಇದೇ ಶಾಲೆಯ ಬಸ್ಸುಗಳ ಎಸಿ, ವೈರಿಂಗು ನೋಡುತ್ತ ಬಂದವನು. ಅವನದು, ಹೆಂಡತಿ ಕಮಲಾಬಾಯಿಯದು, ಎಂಟನೆಯ ತರಗತಿಯ ಮಗಳು ನಿವೇದಿತಾಳದು, ಮೂವರ ವೀಸಾವೂ ಆ ಕೆಲಸದ ಒಂದೇ ಮೊಳೆಗೆ ನೇತುಬಿದ್ದಿತ್ತು.

ಅಭ್ಯರ್ಥಿಗಳು ತಮ್ಮ ಗುರಿ ಬರೆದು ತಂದು ಸಭೆಯಲ್ಲಿ ಓದಬೇಕು. ಮಗಳು ಚೊಕ್ಕ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು: ಮೂರನೆಯ ಭಾಷೆಯಾಗಿ ಕನ್ನಡ ಕಲಿಸಲು ಒಬ್ಬ ಶಿಕ್ಷಕರು, ಆಟದ ಬಯಲಿಗೆ ನೆರಳು, ಬಸ್ಸಿನಲ್ಲಿ ಮಕ್ಕಳ ಸುರಕ್ಷತೆ. ಕೊನೆಯ ಸಾಲಿಗೆ ಬಂದಾಗಲೆಲ್ಲ ಶೇಖಪ್ಪ ಓದುವುದನ್ನು ಬಿಟ್ಟು ಎದ್ದುಬಿಡುತ್ತಿದ್ದ.

ಕಾರಣ ಅವನಿಗೂ ಕೆಲವು ಡ್ರೈವರುಗಳಿಗೂ ಮಾತ್ರ ಗೊತ್ತು. ಆ ಬಸ್ಸುಗಳ ಎಂಜಿನ್ ಆರಿಸಿದೊಡನೆ ಒಂದು ಗಂಟೆ ಬಡಿದುಕೊಳ್ಳುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಇರುವುದು ಕಟ್ಟಕಡೆಯ ಸೀಟಿನ ಹಿಂದೆ. ಡ್ರೈವರು ಹಿಂದಿನ ತನಕ ನಡೆದು, ಯಾವ ಸೀಟಿನಲ್ಲೂ ಮಗು ನಿದ್ದೆಹೋಗಿಲ್ಲವೆಂದು ಕಂಡು, ಗುಂಡಿ ಒತ್ತಿದರೆ ಮಾತ್ರ ಅದು ಬಾಯಿ ಮುಚ್ಚುವುದು. "ಶೇಖಪ್ಪಣ್ಣ, ತಲೆ ಒಡೀತದೆ. ಇದರ ಬಾಯಿಗೆ ಒಂದು ಬಟ್ಟೆ ತುರುಕಿ ಮಾರಾಯ್ರೆ" ಎಂದು ಮಂಗಳೂರು ಕಡೆಯ ಡ್ರೈವರು ಮೊಯ್ದಿನಬ್ಬ ಗೋಗರೆದಿದ್ದ. ಸ್ನೇಹದ ದಾಕ್ಷಿಣ್ಯ. ಶೇಖಪ್ಪ ತಂತಿ ಕತ್ತರಿಸಿದ. ಅದನ್ನು ಕಂಡು ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಫೋರ್ಮನ್ನಿಗೆ ಸುಳಿವು ಸಿಗದಂತೆ ಏಳು ಬಸ್ಸುಗಳು ಮೂಕವಾದವು.

ಹೋದ ವಾರ ಮೊಯ್ದಿನಬ್ಬ ಗ್ಯಾರೇಜಿಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಿಗ್ಗೆ ಮಕ್ಕಳನ್ನಿಳಿಸಿ, ಬಸ್ಸಿಗೆ ಬೀಗ ಹಾಕಿ ಹೋದವನು ಮರೆತ ಊಟದ ಡಬ್ಬಿಗೆಂದು ಮರಳಿದ್ದ. ಕೊನೆಯ ಸೀಟಿನಲ್ಲಿ ಯುಕೆಜಿಯ ಒಂದು ಹೆಣ್ಣುಮಗು, ಭವ್ಯಶ್ರೀ, ಬೆವರಿನಲ್ಲಿ ತೊಯ್ದು, ಗಾಜಿಗೆ ಅಂಗೈ ಒತ್ತಿ ಅಳುತ್ತಿತ್ತು.

"ಹತ್ತೇ ನಿಮಿಷ ಅಣ್ಣ. ಡಬ್ಬಿ ಮರೀದಿದ್ರೆ..." ಮೊಯ್ದಿನಬ್ಬ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರತ್ರವೂ ಹೇಳ್ಬೇಡಿ. ಇಬ್ಬರೂ ಖಲಾಸ್ ಆಗ್ತೇವೆ."

ಆ ಬಸ್ಸಿನ ತಂತಿಯನ್ನು ಶೇಖಪ್ಪ ಆಗಲೇ ಜೋಡಿಸಿದ. ಉಳಿದ ಆರು ಗ್ಯಾರೇಜಿಗೆ ಬರುವುದು ಸರ್ವಿಸಿನ ದಿನ ಮಾತ್ರ, ಅದಕ್ಕೆ ಇನ್ನೂ ತಿಂಗಳಿತ್ತು. ಫೋನು ಮಾಡಿ ಕರೆದರೆ ಡ್ರೈವರುಗಳು ನಕ್ಕರು. "ಓಟು ಬೀಳೋ ಮೊದಲೇ ಕಾನೂನಾ, ಲೀಡರ್ ಸಾಬ್?" ಹೊರಗೆ ಮೇ ತಿಂಗಳ ಬಿಸಿಲು ಡಾಂಬರನ್ನು ಕುದಿಸುತ್ತಿತ್ತು.

"ಯಾಕ್ರೀ, ಓಟಿಗೆ ನಿಂತೀರೋ, ಗಲ್ಲಿಗೆ ನಿಂತೀರೋ? ತಟ್ಟ್ಯಾಗಿನ ರೊಟ್ಟಿ ಹಂಗ ಐತಿ" ಎಂದಳು ಕಮಲಾಬಾಯಿ. ಅವನು ಎಲ್ಲ ಹೇಳಿದ. ಅವಳು ಸೆರಗಿನ ತುದಿ ಹಿಂಡುತ್ತ ಕೂತಳು.

"ಹೇಳಬ್ಯಾಡ್ರೀ. ಊರಿಗೆ ಹೋಗಿ ಏನ ಮಾಡೂಣು? ಹುಡುಗಿ ಸಾಲಿ?" ಮತ್ತೆ ತಾನೇ ಅಂದಳು, "ಆ ಕೂಸಿನ ತಾಯಿ ನಾನಾಗಿದ್ರ?" ಅವನು ತಟ್ಟೆ ಸರಿಸಿ ಎದ್ದ.

ಶನಿವಾರ ಬೆಳಿಗ್ಗೆ ಸಭೆ. ಮೊದಲು ಮಾತಾಡಿದವರು ಉಡುಪಿಯ ವ್ಯಾಪಾರಸ್ಥ ಮೋಹನದಾಸ್. ಕಂಪ್ಯೂಟರ್ ಲ್ಯಾಬು, ಈಜುಕೊಳ ಎಂದು ಅರಳು ಹುರಿದಂತೆ ಹೇಳಿ, ಶೇಖಪ್ಪನ ಕಡೆ ತಿರುಗಿ ನಕ್ಕರು. "ಬಸ್ಸಿನ ಬಗ್ಗೆ ನಾನು ಎಂಥ ಹೇಳುದು? ಇವರಂಥ ಮೆಕ್ಯಾನಿಕ್ ಇರುವಾಗ ನಮ್ಮ ಮಕ್ಕಳಿಗೆ ಎಂಥ ಹೆದರಿಕೆ ಮಾರಾಯ್ರೆ!" ಸಭೆ ಚಪ್ಪಾಳೆ ತಟ್ಟಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನಂತೆ ಶೇಖಪ್ಪ ಅಂಗಿಯ ಕಾಲರು ಹಿಡಿದುಕೊಂಡ.

ಅವನ ಸರದಿ ಬಂತು. ಕಾಗದ ಬಿಡಿಸಿದ. ಕನ್ನಡದ ಶಿಕ್ಷಕರು ಎಂದ. ನೆರಳು ಎಂದ. ಮೂರನೆಯದನ್ನು ಓದದೆ ಕಾಗದ ಮಡಚಿದ. ಮುಂದಿನ ಸಾಲಿನಲ್ಲಿ ಕಮಲಾಬಾಯಿ ಕಣ್ಣು ಮುಚ್ಚಿ ಕೂತಿದ್ದಳು. ಬೇಡವೆಂದೋ, ಹೇಳೆಂದೋ, ತಿಳಿಯಲಿಲ್ಲ.

"ಮಕ್ಕಳ ಬಸ್ಸಿನ್ಯಾಗ ಗಂಟಿ ಇರತೈತ್ರಿ" ಎಂದು ಶುರುಮಾಡಿದ. ಅದರ ಕೆಲಸ ವಿವರಿಸಿದ. "ಆರು ಬಸ್ಸಿನ್ಯಾಗ ಈಗ ಅದು ಬಡಿಯೂದಿಲ್ಲ. ಕತ್ತರಿಸಿದಾಂವ ನಾನ. ಸೋಮವಾರ ಆ ಬಸ್ಸು ಹೊರಡಸಬ್ಯಾಡ್ರಿ."

ಚಪ್ಪಾಳೆ ತಟ್ಟಿದ ಕೈಗಳು ಮಡಿಲಿನಲ್ಲೇ ಉಳಿದವು. ಯಾರೋ ತಾಯಿ "ಅಯ್ಯೋ ದೇವರೇ" ಎಂದಳು. ಪ್ರಿನ್ಸಿಪಾಲರು ಮೈಕು ಕಸಿದುಕೊಂಡರು. ಅವನ ಹೆಸರನ್ನು ಪಟ್ಟಿಯಿಂದ ತೆಗೆದರು, ಗ್ಯಾರೇಜಿಗೆ ಅಲ್ಲಿಂದಲೇ ಫೋನು ಹಚ್ಚಿದರು.

ಶೇಖಪ್ಪ ಶಾಲೆಯ ಗೇಟು ದಾಟುವಷ್ಟರಲ್ಲಿ ಫೋರ್ಮನ್ ಲಿಯೊನೆಲ್‌ನ ಕರೆ ಬಂತು.

"ಎಂಥ ಮಾಡಿದ್ದು ನೀನು? ನನ್ನ ಕುತ್ತಿಗೆಗೂ ಬಂತಲ್ಲ! ನಾಳೆಯಿಂದ ಬರುದು ಬೇಡ."

ಇಷ್ಟು ದಿನ ಅಂಜಿದ್ದು ಈ ಮಾತಿಗೇ. ಬಂದ ಮೇಲೂ ಅಂಜಿಕೆ ಇಳಿಯಲಿಲ್ಲ. ಅವನು ಕಟ್ಟೆಯ ಮೇಲೆ ಕೂತ. ಕಮಲಾಬಾಯಿ ಅವನ ತೋಳು ಹಿಡಿದುಕೊಂಡಳು.

"ಆತ್ರಿ, ಬರೂದಿಲ್ಲ" ಎಂದ. "ಬಸ್ಸಿನ ನಂಬರ್ ಬರಕೋರಿ ಮೊದಲ. ಒಂಬತ್ತು, ಹದಿನಾಲ್ಕು, ಇಪ್ಪತ್ತೆರಡು... ತಂತಿ ಡ್ಯಾಶ್‌ಬೋರ್ಡಿನ ಕೆಳಗ, ಎಡಕ್ಕ. ಕರೀ ಟೇಪ್ ಸುತ್ತೇನಿ."

ಆ ಕಡೆ ಬೈಗುಳ ನಿಂತಿತು. ಮೇಜಿನ ಖಾನೆ ಎಳೆದ ಸದ್ದು ಕೇಳಿಸಿತು.

"ನಿಧಾನ ಹೇಳು ಮಾರಾಯ" ಎಂದ ಲಿಯೊನೆಲ್. "ಇಪ್ಪತ್ತೆರಡು ಆದ್ಮೇಲೆ?"