ಕಣ್ಣು ಮುಚ್ಚಿದ ಗಿರಾಕಿಗಳು

ನನ್ನ ತಮ್ಮನಿಗೆ ಎರಡು ಹೆಸರು. ಕಾಲೇಜಿನಲ್ಲಿ ಮೌನಿ, ಕಂಪ್ಯೂಟರ್ ಆಟದಲ್ಲಿ ದಳಪತಿ. ಮೊದಲನೆಯದು ಅವನಿಗೆ ಸೇರುತ್ತಿರಲಿಲ್ಲ, ಹಾಗಾಗಿ ಎರಡನೆಯದರಲ್ಲೇ ಬದುಕತೊಡಗಿದ. ಅವನ ಕೋಣೆಗೆ ಹೋದ ಊಟದ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು. ಅತ್ತ ಕಾಲೇಜಿನಲ್ಲಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಹತ್ತಿರ ಬಂದಿತ್ತು. ಹಿಂದಿನ ವರ್ಷ ಪರೀಕ್ಷಕರ ಎದುರು ಮಾತು ತೊದಲಿ, ಎದ್ದು ಓಡಿಬಂದಿದ್ದ. ಈ ಸಲವೂ ಓಡಿದರೆ ಕಾಲೇಜಿಗೆ ಕೈಮುಗಿಯಬೇಕು. ದಿನವೂ ತಾನು ಎಷ್ಟು ಸಲ ತೊದಲಿದೆನೆಂದು ಎಣಿಸಿ ನನಗೆ ಹೇಳುವ ಕೆಟ್ಟ ಚಾಳಿ ಬೇರೆ ಅವನಿಗೆ.

“ಆ ಆಟಾನೇ ಇವನಿಗೆ ಶನಿ,” ಎಂದು ಅಮ್ಮ ಇಂಟರ್ನೆಟ್ ತೆಗೆಸಿಬಿಟ್ಟಳು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಅವನು ಗೆಳೆಯನ ಕೋಣೆ ಸೇರಿಕೊಂಡ. ನಾನೇ ಜಗಳವಾಡಿ ಮತ್ತೆ ಹಾಕಿಸಿ ಮನೆಗೆ ಕರೆತಂದೆ.

ಆ ಸಂಜೆ ಕಾಫಿ ಹಿಡಿದು ಅವನ ಬಾಗಿಲ ಬಳಿ ಹೋದೆ. ಒಳಗಿಂದ ಕೇಳಿಸಿತು: “ಎಡಗಡೆ ಬನ್ರೋ, ಗೋಡೆ ಬಿಡ್ಬೇಡಿ, ಹಿಂದೆ ನಾನಿದ್ದೀನಿ!”

ಒಂದಕ್ಷರವೂ ತೊದಲಲಿಲ್ಲ. ಅಂಗಡಿಯಲ್ಲಿ ಸೋಪು ಕೇಳಲು ಬೆವರುವ ಹುಡುಗ! ನಮಗೆ ಸಿಗದ ದನಿ ಆ ಆಟಕ್ಕೆ ಸಿಕ್ಕಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಅಲ್ಲಿ ಅವನ ಬಾಯನ್ನೇ ದಿಟ್ಟಿಸುವವರು ಯಾರೂ ಇಲ್ಲ. ಅವನನ್ನು ಆ ಕುರ್ಚಿಗೆ ಕಟ್ಟಿಹಾಕಿದ್ದು ಆಟವಲ್ಲ, ನಾಚಿಕೆ.

ನನ್ನದು ಕೂದಲು ಕತ್ತರಿಸುವ ಅಂಗಡಿ. ತಲೆ ತೊಳೆಸಿಕೊಳ್ಳುವವರು ಹಿಂದಕ್ಕೊರಗಿ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ, ತೆರೆದರೆ ನೊರೆ.

“ಭಾನುವಾರ ಅಂಗಡಿಗೆ ಬಂದು ಗಿರಾಕಿಗಳ ತಲೆ ತೊಳಿ,” ಎಂದೆ.

“ಮಾ... ಮಾತಾಡ್ಬೇಕಾ ಅಕ್ಕ?”

“ನೀರು ಬಿಸಿ ಸಾಕಾ ಅಂತ ಕೇಳ್ಬೇಕಪ್ಪ. ಇಲ್ಲಾಂದ್ರೆ ಗಿರಾಕಿಗಳು ಬೆಂದೋಗ್ತಾರೆ.”

ಮೊದಲ ಗಿರಾಕಿಯ ಕಿವಿ ತುಂಬ ನೀರು. ಆದರೆ ಕೆಲವು ಭಾನುವಾರ ಕಳೆಯುವಷ್ಟರಲ್ಲಿ ನೀರಿನ ಬಿಸಿಯಿಂದ ಶುರುವಾದ ಮಾತು ಹವಾಮಾನ, ಸಿನಿಮಾ ಎಂದು ಹರಿಯತೊಡಗಿತು. ತಲೆ ಕೊಟ್ಟವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಒಂದು ದಿನ ಅಂಚೆ ಕಚೇರಿಯ ಮೇಡಂ, ಅವನ ಕತೆಯ ನಡುವೆಯೇ ಪಟ್ಟನೆ ಕಣ್ಣು ತೆರೆದರು. ಅವನ ಮಾತು “ಬ”ಕಾರದಲ್ಲೇ ನಿಂತಿತು. ಮುಖ ಕೆಂಪಾಯಿತು, ಕಣ್ಣು ಬಾಗಿಲ ಕಡೆ ಹೊರಳಿತು. ಆ ಮಾತನ್ನು ನಾನೇ ಮುಗಿಸಿಬಿಡೋಣವೆನಿಸಿತು. ತಡೆದುಕೊಂಡೆ.

“ಹೇಳಪ್ಪ, ನಿಧಾನಕ್ಕೆ,” ಎಂದರು ಮೇಡಂ. “ತಲೆ ತುಂಬ ನೊರೆ ಇಟ್ಕೊಂಡು ನಾನಾದ್ರೂ ಎಲ್ಲಿಗೆ ಓಡ್ಲಿ?”

ಅವನು ನಕ್ಕ. ಅವರ ಕಣ್ಣನ್ನೇ ನೋಡುತ್ತಾ, ತೊದಲುತ್ತಲೇ ಕತೆ ಮುಗಿಸಿದ.

ವೈವಾ ದಿನ ಸಂಜೆ ನೇರ ಅಂಗಡಿಗೇ ಬಂದ. ನನ್ನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

“ಎದ್ದು ಬಂದ್ಯೇನೋ?”

“ಇಲ್ಲ. ಅವ್ರೇ ಸಾ... ಸಾಕು ಅಂದ್ರು. ಪಾಸು.”

“ತೊದಲಿದ್ಯಾ?”

“ತುಂಬಾ.”

“ಎಷ್ಟು ಸಲ?”

ಅವನು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ.

“ಅಯ್ಯೋ ಅಕ್ಕ,” ಎಂದ, “ಎಣಿಸೋದೇ ಮ... ಮರ್ತೋಯ್ತು.”