ದೊಡ್ಡವರೂ ಹಲಗೆ ಹತ್ತುವ ಅಂಗಡಿ

ಬೆಳಗಿನ ಐದೂಮುಕ್ಕಾಲು. ಬೀದಿ ದೀಪ ಇನ್ನೂ ಆರಿಲ್ಲ. ಸಾಲು ಅಂಗಡಿಗಳ ಮುಂದಿನ ಜಗಲಿಯ ಮೇಲೆ ಒಬ್ಬರು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾರೆ. ಔಷಧಿ ಅಂಗಡಿಯ ಮೆಟ್ಟಿಲಿನಿಂದ ಸೈಕಲ್ ಅಂಗಡಿಯ ಗೋಡೆಯವರೆಗೆ ಅರವತ್ತೆಂಟು ಹೆಜ್ಜೆ. ಗೋಡೆ ಮುಟ್ಟಿದ ಮೇಲೆ ನಮ್ಮ ನಿಮ್ಮ ಹಾಗೆ ಸೊಂಟದಿಂದ ತಿರುಗುವುದಿಲ್ಲ. ಪಾದ, ಮಂಡಿ, ಸೊಂಟ, ಹೆಗಲು, ತಲೆ ಎಲ್ಲವೂ ಒಟ್ಟಿಗೆ, ಬೀರು ತಿರುಗಿಸಿದ ಹಾಗೆ ತಿರುಗುತ್ತಾರೆ. ಅಂಗಿಯ ಮೇಲೆ ಪಕ್ಕೆಯಿಂದ ಸೊಂಟದವರೆಗೆ ಬಿಗಿದ ಬಿಳಿ ಪ್ಲಾಸ್ಟಿಕ್ ಕವಚ. ಹತ್ತು ಸುತ್ತು ಮುಗಿದ ಮೇಲೆ ಜೇಬಿನಿಂದ ಬೀಗದ ಕೈ ತೆಗೆಯುತ್ತಾರೆ.

ಬೀಗ ಇರುವುದು ನೆಲದ ಮಟ್ಟದಲ್ಲಿ. ಬೆನ್ನು ನೆಟ್ಟಗಿಟ್ಟು, ಮಂಡಿ ಮಡಚಿ, ಬಾವಿಗೆ ಕೊಡ ಬಿಟ್ಟಂತೆ ಮೆಲ್ಲಗೆ ಇಳಿಯುತ್ತಾರೆ. ಬೀಗ ತೆಗೆದು ಬಂದ ದಾರಿಯಲ್ಲೇ ಮೇಲೇಳುತ್ತಾರೆ. ಶಟರ್ ಎತ್ತುವಂತಿಲ್ಲ. ಅದಕ್ಕೆ ಹಾಲಿನವನು ಬರಬೇಕು. ಆತ ಸೈಕಲ್ ನಿಲ್ಲಿಸಿ ಒಂದೇ ಸಲಕ್ಕೆ ಶಟರ್ ಮೇಲೆ ನೂಕಿ ಕೇಳುತ್ತಾನೆ, "ಏನ್ ಕಂಬಣ್ಣ, ಇವತ್ತು ಎಷ್ಟು ದೂರ ಹೋಗ್ಬಂದ್ರಿ?"

"ಪಕ್ಕದೂರು ದಾಟಿದ್ದೆ ನೋಡಪ್ಪ. ನೀನು ಬರೋದು ಲೇಟಾಗಿದ್ರೆ ರಾಜ್ಯಾನೇ ದಾಟ್ತಿದ್ದೆ."

ಆರು ತಿಂಗಳ ಹಿಂದೆ ಇವರ ಹೆಸರು ಕಂಬಣ್ಣ ಆಗಿರಲಿಲ್ಲ, ಬಿಲ್ಲಣ್ಣ ಆಗಿತ್ತು. ವಯಸ್ಸು ಐವತ್ತನಾಲ್ಕು, ಕ್ಷೌರದ ಕೆಲಸಕ್ಕೆ ನಿಂತು ಮೂವತ್ತಾರು ವರ್ಷ. ಅಪ್ಪ ಇಟ್ಟ ಅಂಗಡಿ, ಎರಡು ಕುರ್ಚಿ. ಬಾಗಿಲ ಪಕ್ಕದ್ದು ಅಣ್ಣನದು, ಒಳಗಿನದು ಇವರದು. ಗಿರಾಕಿಗಳ ಕಿವಿಯ ಹಿಂದೆ, ಗದ್ದದ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಯಿತು. ಬೀದಿಯವರು ಅದನ್ನೇ ಹೆಸರು ಮಾಡಿ ಕರೆದರು. ಯಾರೂ ಅದನ್ನು ರೋಗ ಅಂದುಕೊಳ್ಳಲಿಲ್ಲ, ತಮಾಷೆ ಅಂದುಕೊಂಡರು.

ಆ ಕುರ್ಚಿಯನ್ನು ಒಮ್ಮೆ ನೋಡಿ. ಕೂರುವವನ ಕುತ್ತಿಗೆಗೆ ದಿಂಬು, ಮೊಣಕೈಗೆ ಆಸರೆ, ಪಾದಕ್ಕೆ ಕಬ್ಬಿಣದ ಮೆಟ್ಟು. ಹದಿನೈದು ನಿಮಿಷ ಕೂತು ಎದ್ದುಹೋಗುವವನಿಗೆ ಇಷ್ಟೆಲ್ಲ. ಮೂವತ್ತಾರು ವರ್ಷ ಪಕ್ಕದಲ್ಲಿ ನಿಂತವನಿಗೆ ಒಂದು ಮೊಳೆಯೂ ಇಲ್ಲ. ಕೊನೆಗೆ ಆ ಮೊಳೆಗಳನ್ನು ಅವನ ಬೆನ್ನೊಳಗೇ ಹೊಡೆಯಬೇಕಾಯಿತು. ಎರಡು ಸರಳು, ಆರು ಸ್ಕ್ರೂ. ಎಡಗಾಲು ಜೋಮು ಹಿಡಿದು, ಕೈಯಲ್ಲಿದ್ದ ಕತ್ತರಿ ಗಿರಾಕಿಯ ತೊಡೆಯ ಮೇಲೆ ಬಿದ್ದ ದಿನವೇ ಆಸ್ಪತ್ರೆ ಸೇರಿದ್ದು.

"ಡಾಕ್ಟ್ರು ಎಕ್ಸರೇ ಫಿಲ್ಮ್ ತೋರ್ಸಿದ್ರು. ನನ್ನ ಬೆನ್ನಲ್ಲಿ ಏಣಿ ಇಟ್ಟಂಗಿತ್ತು," ಎನ್ನುತ್ತಾರೆ. "ಮೂಳೆಗೆ ಮೂಳೆ ಅಂಟೋಕೆ ತಿಂಗಳುಗಟ್ಟಲೆ ಬೇಕು, ಬಗ್ಗಬೇಡ, ಭಾರ ಎತ್ತಬೇಡ, ಸೊಂಟ ತಿರುಚಬೇಡ ಅಂದ್ರು. ಸರಿ, ಮಲಗಿರ್ತೀನಿ ಬಿಡಿ ಸಾರ್ ಅಂದೆ. ಮಲಗಿದ್ರೆ ಕೆಟ್ಟೆ, ಎದ್ದು ನಡಿ ಅಂದ್ರು."

ನಂಟರಿಷ್ಟರು ಮಾತ್ರ ಒಂದೇ ರಾಗ ಹಾಡಿದರು. ಇನ್ನು ಸಾಕು, ಮನೇಲಿ ಕೂತ್ಕೋ. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲ. ದುಡಿಯುವ ಮನುಷ್ಯನಿಗೆ 'ಕೂತ್ಕೋ' ಎನ್ನುವುದು ಕನಿಕರದ ಮಾತಲ್ಲ. ಅವನ ಜಾಗವನ್ನು ಮೆಲ್ಲಗೆ ಬೇರೆಯವರಿಗೆ ದಾಟಿಸುವ ಮಾತು. ಇವರ ವಿಷಯದಲ್ಲಿ ಅದು ಮಾತಿಗೇ ನಿಲ್ಲಲಿಲ್ಲ. ಈ ತಿಂಗಳ ಕೊನೆಯ ದಿನದೊಳಗೆ ಕಟಿಂಗ್ ಜೊತೆಗೆ ಗಡ್ಡವನ್ನೂ ಮಾಡಿ ತೋರಿಸದಿದ್ದರೆ ಒಳಗಿನ ಕುರ್ಚಿಗೆ ಬೇರೆ ಕೆಲಸಗಾರ ಬರುತ್ತಾನೆ. ಹೇಳಿದ್ದು ಸ್ವಂತ ಅಣ್ಣ.

ಈ ಅಂಗಡಿಯ ಹಳೆ ಗಿರಾಕಿಯಾದ ನನಗೆ ಮೈ ಉರಿಯಿತು. ಅಣ್ಣನನ್ನು ಬಯ್ಯಬೇಕೆಂದೇ ಅಂಗಡಿಗೆ ಹೋದೆ. ಅರವತ್ತೆರಡರ ಆ ಮನುಷ್ಯ ಆರು ತಿಂಗಳಿಂದ ಎರಡು ಕುರ್ಚಿಯ ಗಡ್ಡಗಳನ್ನು ಒಬ್ಬರೇ ಮಾಡುತ್ತಿದ್ದಾರೆ. ಪ್ಯಾಂಟಿನ ಕಾಲು ಮಡಚಿ ಮಂಡಿ ತೋರಿಸಿದರು. ಊದಿಕೊಂಡು ತೆಂಗಿನಕಾಯಿಯಷ್ಟಾಗಿತ್ತು. "ಬಯ್ಯೋದಾದ್ರೆ ಬಯ್ಯಿ, ಕೇಳಿಸ್ಕೋತೀನಿ," ಎಂದರು. "ಒಡಹುಟ್ಟಿದವನು ಅಂತ ಆರು ತಿಂಗಳು ತಡೆದೆ. ನಾನೂ ಬಿದ್ರೆ ಶಟರ್ ಎಳೆಯೋಕೂ ಜನ ಇರಲ್ಲ." ನಾನು ತಂದಿದ್ದ ಬೈಗುಳವೆಲ್ಲ ನನ್ನಲ್ಲೇ ಉಳಿಯಿತು.

ಮೊದಲ ಮೂರು ತಿಂಗಳು ಕಂಬಣ್ಣನ ಹೆಡ್‌ಮೇಷ್ಟ್ರು ಅವರ ಹೆಂಡತಿ. ಮನೆಯಲ್ಲೇ ರವಿಕೆ ಹೊಲಿಯುವ ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಡುಮನೆಯ ನೆಲಕ್ಕೆ ಗೆರೆ ಎಳೆದರು. ಮೊದಲ ವಾರ ಅಡುಗೆಮನೆ ಬಾಗಿಲವರೆಗೆ, ಎರಡನೇ ವಾರ ಅಲ್ಲಿಂದ ವಾಪಸ್ಸು, ಮೂರನೇ ವಾರ ಮೆಟ್ಟಿಲು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಹೊಲಿಗೆ ಮಿಷನ್ನು ನಿಲ್ಲುತ್ತಿತ್ತು, ಆಕೆಯ ಬಾಯಿ ಶುರುವಾಗುತ್ತಿತ್ತು. "ಹಾಸಿಗೆಯಿಂದ ಎದ್ದೇಳೋಕೆ ಮೈಯೆಲ್ಲಾ ಒಂದೇ ಸಲ ಹೊರಳಬೇಕಿತ್ತು. ಇವ್ರು ಏಳೋದು ನೋಡಿದ್ರೆ ಲಾರಿಯಿಂದ ಮರದ ದಿಮ್ಮಿ ಇಳಿಸ್ತಿದ್ದಾರೆ ಅನ್ಸೋದು," ಎಂದು ಆಕೆ ನಗುತ್ತಾರೆ. ಆ ದಿನಗಳಲ್ಲಿ ನಗು ಬರುತ್ತಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ.

ನಾಲ್ಕನೇ ತಿಂಗಳು, ಡಾಕ್ಟರು ಒಪ್ಪಿದ ಮೇಲೆ, ಅರ್ಧ ದಿನಕ್ಕೆಂದು ಅಂಗಡಿಗೆ ಬಂದರು. ಮೊದಲ ದಿನ ಎರಡೇ ತಲೆ. ಎರಡನೆಯದಕ್ಕೇ ಬೆವರು ಕವಚದೊಳಗೆ ಇಳಿದಿತ್ತು. ಕುರ್ಚಿ ಏರಿಸುವ ಪಂಪು ಜಾಮ್ ಆಗಿ ಹದಿನೆಂಟು ವರ್ಷ. ಬುಡವನ್ನು ಅಪ್ಪ ಸಿಮೆಂಟಿನಲ್ಲಿ ಕೂರಿಸಿ ಬೋಲ್ಟು ಬಿಗಿಸಿದ್ದರು. ಅದು ಏರುವುದಿಲ್ಲ, ಇಳಿಯುವುದಿಲ್ಲ, ತಿರುಗುವುದೂ ಇಲ್ಲ. ಇವರು ಬಗ್ಗುವಂತಿಲ್ಲ. ಹಟಮಾರಿಗಳಿಬ್ಬರು ಎದುರುಬದುರು ನಿಂತಂತಾಯಿತು.

ದಾರಿ ಸಿಕ್ಕಿದ್ದು ಒಂದು ಮರೆವಿನಿಂದ. ಮಕ್ಕಳಿಗೆ ಕಟಿಂಗ್ ಮಾಡಲು ಕುರ್ಚಿಯ ಎರಡು ತೋಳುಗಳ ಮೇಲೆ ಅಡ್ಡ ಇಡುವ ಹಲಗೆ ಎಲ್ಲ ಹಳೆಯ ಅಂಗಡಿಗಳಲ್ಲೂ ಇತ್ತಲ್ಲ, ಅದು ಇಲ್ಲೂ ಇದೆ. ಎರಡು ತಲೆಮಾರಿನ ಮಕ್ಕಳು ಕೂತು, ಅತ್ತು, ಒದ್ದಾಡಿ ನುಣುಪಾದ ತೇಗದ ಹಲಗೆ. ಅಂದು ಒಳಗಿನ ಕುರ್ಚಿಯಲ್ಲಿ ನಾಲ್ಕು ವರ್ಷದ ಹೆಣ್ಣುಮಗುವಿನ ಕೂದಲು ಕತ್ತರಿಸಿದ ಮೇಲೆ ಅಣ್ಣ ಅದನ್ನು ತೆಗೆಯುವುದು ಮರೆತರು. ಆಮೇಲೆ ಬಂದವರು ಅಂಚೆ ಕಚೇರಿಯ ಗುಮಾಸ್ತರು. ಪೇಪರಿನಲ್ಲಿ ಮುಖ ಹುದುಗಿಸಿಕೊಂಡೇ ನಡೆಯುವ ಆಸಾಮಿ. ಓದುತ್ತಲೇ ಮೆಟ್ಟು ಹತ್ತಿ, ಹಲಗೆಯ ಮೇಲೆ ಕೂತು, ಪುಟ ಮಗುಚಿದರು. ಅರ್ಧ ತಲೆ ಮುಗಿಯುವವರೆಗೆ ಅವರಿಗೂ ಗೊತ್ತಾಗಲಿಲ್ಲ, ಇವರಿಗೂ ಗೊತ್ತಾಗಲಿಲ್ಲ.

"ಕುತ್ತಿಗೆ ಕೂದಲು ತೆಗೀತಾ ಇದ್ದೀನಿ, ಬೆನ್ನು ಸುಮ್ನಿದೆ. ಏನಪ್ಪಾ ಇದು, ನೋವು ರಜ ಹಾಕ್ತಾ ಅಂತ ನೋಡಿದ್ರೆ ಗುಮಾಸ್ತರು ಮಗು ಥರ ಮೇಲೆ ಕೂತಿದ್ದಾರೆ. ಕಾಲು ನೇತಾಡ್ತಿದೆ."

ಗುಮಾಸ್ತರು ಇಳಿಯಲು ಹೋದರು. ಅಷ್ಟರಲ್ಲಿ ಕನ್ನಡಿಯಲ್ಲಿ ಏನನ್ನೋ ಕಂಡು ಹಾಗೇ ಕೂತರು. ಕನ್ನಡಿಯ ಮೇಲ್ತುದಿಯಲ್ಲಿ ಒಂದು ಗಿಳಿ ಇದೆ. ಮಕ್ಕಳು ತಲೆ ಎತ್ತಿ ಕೂರಲಿ ಎಂದು ಅಪ್ಪ ಬಣ್ಣದಲ್ಲಿ ಬರೆದದ್ದು. ಹಲಗೆಯ ಎತ್ತರಕ್ಕೆ ಅದು ಕಣ್ಣಿಗೆ ನೇರ ಸಿಗುತ್ತದೆ, ಕುರ್ಚಿಯಲ್ಲಿ ಕೂತವನಿಗೆ ತನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ನಲವತ್ತು ವರ್ಷ ಅದೇ ಕನ್ನಡಿಯ ಮುಂದೆ ಕೂತು ಗಿಳಿಯನ್ನು ಮರೆತಿದ್ದ ಗುಮಾಸ್ತರು, "ನಮ್ಮಜ್ಜ ಇಲ್ಲೇ ನಿಂತು ನನ್ನ ಕಿವಿ ಹಿಡ್ಕೋತಿದ್ರು," ಎಂದರು. ಬಾಚಣಿಗೆ ನಿಂತಿತು. ಪೇಪರು ಮಡಿಲಲ್ಲಿ ಹಾಗೇ ಬಿದ್ದಿತ್ತು.

ಅಂದಿನಿಂದ ಹಲಗೆ ಮೂಲೆ ಸೇರಿಲ್ಲ. ಹೆಂಡತಿ ಹಳೆ ಕಂಬಳಿ ಮಡಚಿ ಮೆತ್ತೆ ಹೊಲಿದುಕೊಟ್ಟಿದ್ದಾರೆ. ಬೇಕರಿಯವನು, ವಕೀಲ, ಪೊಲೀಸು ಎಲ್ಲರೂ ಹತ್ತುತ್ತಾರೆ. ಹತ್ತಿದವರಿಗೆಲ್ಲ ಏನಾದರೂ ನೆನಪಾಗುತ್ತದೆ. ಪೆಪ್ಪರ್‌ಮಿಂಟು, ಕುತ್ತಿಗೆಗೆ ಬೀಳುತ್ತಿದ್ದ ತಣ್ಣನೆಯ ಪೌಡರು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಪ್ಪನ ಚಪ್ಪಲಿ. ಆರಡಿ ಎತ್ತರದ ಲಾರಿ ಡ್ರೈವರ್‌ಗೆ ಮಾತ್ರ ಹಲಗೆ ಬೇಡ, ಕುರ್ಚಿಯೇ ಸಾಕು. ಅವನಿಗೆ ಅದೇ ಬೇಜಾರು. "ನನ್ನನ್ನೂ ಒಂದ್ಸಲ ಕೂರ್ಸಿ ಅಣ್ಣ. ಚಾವಣಿಗೆ ತಲೆ ತಾಕಿದ್ರೆ ಇಳೀತೀನಿ."

ಎಲ್ಲರೂ ಹೀಗಲ್ಲ. ಒಬ್ಬ ನಿವೃತ್ತ ಹೆಡ್‌ಮೇಷ್ಟ್ರಿದ್ದಾರೆ. ಮೂವತ್ತು ವರ್ಷ ಸ್ಕೇಲು ಹಿಡಿದು ನಮ್ಮಂಥವರ ಬೆನ್ನಿಗೆ ಬಾರಿಸುತ್ತಾ 'ನೆಟ್ಟಗೆ ಕೂರೋ' ಎಂದವರು. ಹಲಗೆ ನೋಡಿ, "ನಾನೇನು ಕೂಸಾ?" ಎಂದು ತಿರುಗಿ ಹೋದರು. ಈಗ ಎದುರಿನ ಗಾಜಿನ ಅಂಗಡಿಯಲ್ಲಿ ಸೋಫಾದಂಥ ಕುರ್ಚಿಯಲ್ಲಿ ಒರಗುತ್ತಾರೆ. ನಮ್ಮ ಬೆನ್ನು ಅಷ್ಟು ವರ್ಷ ಅವರ ಪಾಠ ಕೇಳಿತು. ಒಬ್ಬ ಕ್ಷೌರಿಕನ ಬೆನ್ನಿಗೋಸ್ಕರ ಅವರಿಗೆ ಹತ್ತು ನಿಮಿಷ ನೆಟ್ಟಗೆ ಕೂರಲಾಗಲಿಲ್ಲ. ನಾನು ಹೀಗೆಲ್ಲ ಕೂಗಾಡಿದಾಗ ಕಂಬಣ್ಣ ಕತ್ತರಿಯಲ್ಲೇ ನನ್ನನ್ನು ತಡೆದರು. "ಬಿಡಪ್ಪ. ನನ್ನೊಳಗೆ ಆರು ಸ್ಕ್ರೂ ಟೈಟಾಗಿವೆ. ನಿಂದೊಂದು ಯಾಕೆ ಲೂಸ್ ಮಾಡ್ಕೋತೀಯ?"

ಈಗ ದಿನಕ್ಕೆ ಒಂಬತ್ತು ತಲೆ. ಮೊದಲು ಇಪ್ಪತ್ತಾರಿತ್ತು. ಸೊಂಟ ತಿರುಚುವಂತಿಲ್ಲವಾದ್ದರಿಂದ ಕುರ್ಚಿಯ ಸುತ್ತ ತಾವೇ ನಡೆಯುತ್ತಾರೆ, ತಲೆಯೊಂದಕ್ಕೆ ಹದಿನಾಲ್ಕು ಸುತ್ತು. ನಿಂತಾಗ ಒಂದು ಪಾದ ಇಟ್ಟಿಗೆಯ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡು ತಲೆಯ ನಡುವೆ ಜಗಲಿಯ ಮೇಲೊಂದು ನಡಿಗೆ. ಬಿದ್ದ ಬಾಚಣಿಗೆಯನ್ನು ಗಿರಾಕಿಗಳೇ ಎತ್ತಿಕೊಡುತ್ತಾರೆ.

ಕೈಗೆ ಸಿಗದೆ ಉಳಿದದ್ದು ಗಡ್ಡ. ಹಲಗೆಯ ಮೇಲೆ ಕೂತವನ ತಲೆಗೆ ದಿಂಬು ಎಟುಕುವುದಿಲ್ಲ. ಮೂರು ವಾರದ ಹಿಂದೆ ಧೈರ್ಯ ಮಾಡಿ ಸೈಕಲ್ ಅಂಗಡಿಯವನಿಗೆ ನೊರೆ ಹಚ್ಚಿದರು. ಆಸರೆಯಿಲ್ಲದ ತಲೆ ಅಲುಗಿತು, ಗದ್ದದ ಕೆಳಗೆ ಬ್ಲೇಡು ಇಳಿಯಿತು. ಸೈಕಲ್ ಅಂಗಡಿಯವನು, "ಪಂಕ್ಚರ್ ಹಾಕೋನಿಗೇ ಪಂಕ್ಚರ್ ಮಾಡಿದ್ಯಲ್ಲಣ್ಣ," ಎಂದು ನಕ್ಕ. ಅಣ್ಣ ನಗಲಿಲ್ಲ. ತಮ್ಮನ ಕೈಯಿಂದ ಕತ್ತಿ ತೆಗೆದುಕೊಂಡು ಉಳಿದ ಗಡ್ಡ ತಾವೇ ಮುಗಿಸಿದರು. ಗಡುವು ಹೇಳಿದ್ದು ಅಂದೇ. ವರ್ಷ ಕಳೆದರೂ ಮೊದಲಿನಂತೆ ಗಂಟೆಗಟ್ಟಲೆ ಬಗ್ಗುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಾಯುವುದಕ್ಕೆ ಅರ್ಥವಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅಭ್ಯಾಸ. ಹೆಂಡತಿ ಎತ್ತರದ ಸ್ಟೂಲಿನ ಮೇಲೆ ಕೂರಬೇಕು. ಇವರು ಹಿಂದೆ ನಿಂತು, ಆಕೆಯ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು, ಕೆನ್ನೆಗೆ ನೊರೆ ಹಚ್ಚಿ, ಬಾಚಣಿಗೆಯ ಬೆನ್ನಿನಿಂದ ತೆಗೆಯಬೇಕು. ಹಿಂದೆ ತಳ್ಳುವ ಭಾರವನ್ನು ಕವಚ ತಡೆಯುತ್ತದೆ. ಮುಂದೆ ಬಗ್ಗಿ ನೋಡುತ್ತಿದ್ದದ್ದನ್ನು ಈಗ ಕನ್ನಡಿಯಲ್ಲಿ ನೋಡಬೇಕು. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮೂವತ್ತಾರು ವರ್ಷದ ಕೈಗೆ ಹೊಸದಾಗಿ ಅಕ್ಷರ ಕಲಿಸಿದ ಹಾಗೆ.

"ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ನಂಗೆ ಗಡ್ಡ ಮಾಡಿದ್ರು," ಎನ್ನುತ್ತಾರೆ ಆಕೆ. "ಮೂರು ವಾರ, ದಿನಾ ಸಂಜೆ. ಅವ್ರ ಎದೆ ಬಡ್ಕೊಳ್ಳೋದು ಕಿವೀಲಿ ಕೇಳ್ತಿತ್ತು. ಮೊದಮೊದಲು ಬಹಳ ಜೋರಾಗಿತ್ತು."

ತಿಂಗಳ ಕೊನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ನಾನೂ ಇದ್ದೇನೆ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದಾರೆ. ಅಣ್ಣ ತಮ್ಮ ಕುರ್ಚಿಯ ಹೊದಿಕೆ ಕೊಡವಿ, ಒಳಗಿನ ಕುರ್ಚಿಯತ್ತ ಕುಂಟುತ್ತಾ ಹೋಗಿ, ಒಂದು ಕೈ ಗೋಡೆಗೆ ಕೊಟ್ಟು ಹಲಗೆ ಹತ್ತುತ್ತಾರೆ. ನಾಲ್ಕು ದಿನದ ಬಿಳಿ ಗಡ್ಡ.

"ಹೂಂ. ಮಾಡು."

"ನಿಂಗಾ?"

"ಕುಯ್ಯೋದಿದ್ರೆ ನನ್ನ ಕುಯ್ಯಿ. ಗಿರಾಕಿ ಉಳೀಲಿ."

ಕಂಬಣ್ಣ ಹಿಂದೆ ನಿಲ್ಲುತ್ತಾರೆ. ಅಣ್ಣನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಎದೆಗೆ ಒರಗಿಸಿಕೊಳ್ಳುತ್ತಾರೆ. ಅಣ್ಣನಿಗೆ ಒರಗುವುದು ಬರುವುದಿಲ್ಲ, ಕುತ್ತಿಗೆ ಬಿಗಿ ಹಿಡಿಯುತ್ತಾರೆ. "ಬಿಡು ಅಣ್ಣ, ಭಾರ ಬಿಡು," ಎಂದು ತಮ್ಮ ಎರಡು ಸಲ ಹೇಳಬೇಕಾಗುತ್ತದೆ. ಬಿಟ್ಟ ಮೇಲೆ ಕಣ್ಣು ಮುಚ್ಚುತ್ತಾರೆ. ಕತ್ತಿ ಕಿವಿಯ ಬುಡದಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ, ಗದ್ದದ ಕೆಳಗಿನ ಆ ಕೆಟ್ಟ ತಿರುವಿಗೆ ಇಳಿಯುತ್ತದೆ. ಬೆಂಚಿನವರು ಪೇಪರು ಕೆಳಗಿಟ್ಟಿದ್ದಾರೆ. ಹದಿನೆಂಟು ನಿಮಿಷ. ಮೊದಲಾದರೆ ಏಳು ಸಾಕಿತ್ತು.

ಅಣ್ಣ ಕಣ್ಣು ತೆರೆದು ಅಂಗೈಯಿಂದ ಮುಖ ಸವರಿ ನೋಡುತ್ತಾರೆ. ಕೈಗೆ ರಕ್ತ ಹತ್ತುವುದಿಲ್ಲ. ಬಲಗಿವಿಯ ಕೆಳಗೆ ಬೆರಳು ನಿಲ್ಲುತ್ತದೆ. "ಇಲ್ಲಿ ಒಂಚೂರು ಉಳಿದಿದೆ."

"ನೀನು ಹಲ್ಲು ಕಚ್ಕೊಂಡಿದ್ದೆ. ಅದಕ್ಕೆ."

ಅಣ್ಣ ಗೋಡೆ ಹಿಡಿದು ಇಳಿಯುತ್ತಾರೆ. ತಮ್ಮನ ಮುಖ ನೋಡುವುದಿಲ್ಲ. ಬೆಂಚಿನ ಮೇಲಿದ್ದವರಲ್ಲಿ ಮೊದಲಿನವರಿಗೆ, "ಗಡ್ಡ ತಾನೇ? ಒಳಗಡೆ ಕುರ್ಚಿ ಖಾಲಿ ಇದೆ, ಹೋಗಿ," ಎಂದು ಹೇಳಿ ತಮ್ಮ ಕತ್ತಿಗೆ ಹೊಸ ಬ್ಲೇಡು ಹಾಕತೊಡಗುತ್ತಾರೆ. ಬೇರೆ ಕೆಲಸಗಾರನ ವಿಷಯ ಆಮೇಲೆ ಆ ಅಂಗಡಿಯಲ್ಲಿ ಯಾರೂ ಎತ್ತಿಲ್ಲ.

ಸಂಜೆ ಜಗಲಿಯ ಮೇಲೆ ಅವರ ಜೊತೆ ನಾನೂ ನಡೆಯುತ್ತೇನೆ. ಇನ್ನೇನು ಆಸೆ ಎಂದು ಕೇಳುತ್ತೇನೆ. ಗೋಡೆ ಮುಟ್ಟುತ್ತಾರೆ. ಇಡೀ ಮೈ ತಿರುಗಿಸಿ ನಿಂತ ಮೇಲೆ ಹೇಳುತ್ತಾರೆ:

"ದೊಡ್ಡ ಆಸೆ ಏನಿಲ್ಲಪ್ಪ. ಆರು ತಿಂಗಳಿಂದ ಯಾರೇ ಸಿಕ್ಲಿ, ನೋವಿದ್ಯಾ, ನೋವಿದ್ಯಾ ಅಂತಾರೆ. ಮನೇಲೂ ಅದೇ. ಒಂದಿನ ದುಡಿದು ಮನೆಗೆ ಹೋದಾಗ ನನ್ನವಳು ಬಾಗಿಲು ತೆಗೆದು, ಸುಸ್ತಾಯ್ತಾ ಅಂತ ಕೇಳಬೇಕು. ಹೂಂ, ಸುಸ್ತಾಯ್ತು ಅಂತ ನಾನು ಹೇಳಬೇಕು. ಅಷ್ಟೇ."